ಮಾನ್ಸಲ್ ಕಣಿವೆಯ ಐದು ಕಮಾನುಗಳು

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದಲ್ಲಿ ವೈ ಎಂಬ ಕಿರುನದಿಯೊಂದು ಬೆಟ್ಟಗಳ ನಡುವೆ ಬಳುಕಿ ಹರಿಯುವೆಡೆ ಐದು ಕಮಾನುಗಳ ಕಲ್ಲಿನ ರೈಲು ಸೇತುವೆಯಿದೆ. ಹೆಡ್‌ಸ್ಟೋನ್ ವಯಾಡಕ್ಟ್ ಎಂದು ಅದರ ಹೆಸರು. ಮಿಡ್ಲೆಂಡ್ ರೈಲ್ವೆ ಕಟ್ಟಿಸಿದ ಈ ಸೇತುವೆಯ ಮೇಲೆ 1863ರಲ್ಲಿ ಆರಂಭವಾದ ಸಂಚಾರ 1968ರಲ್ಲಿ ನಿಂತುಹೋಯಿತು. ಸಾಹಿತ್ಯದ ಓದುಗರಿಗೆ ಇದರ ಪರಿಚಯವಿರುವುದು ಜಾನ್ ರಸ್ಕಿನ್ನನ ಕೋಪದ ಮೂಲಕ. ಬ್ರಿಟನ್ನಿನ ಶ್ರಮಿಕರನ್ನು ಉದ್ದೇಶಿಸಿ ಅವನು ಬರೆಯತೊಡಗಿದ ‘ಫೋರ್ಸ್ ಕ್ಲಾವಿಗೆರಾ’ ಪತ್ರಮಾಲೆಯಲ್ಲಿ, 1871ರಲ್ಲಿ, ಈ ಕಣಿವೆಯನ್ನು ಗ್ರೀಕರ ಟೆಂಪೆಗೆ ಹೋಲಿಸಿದ್ದಾನೆ. ದೇವತೆಗಳು ಸುಳಿದಾಡುತ್ತಿದ್ದ ತಾಣವು ಎರಡು ಪೇಟೆಗಳ ನಡುವಿನ ಅರ್ಧ ಗಂಟೆಯ ಓಡಾಟಕ್ಕಾಗಿ ಹಾಳಾಯಿತೆಂಬುದು ಅವನ ದೂರು.

ನಮಗೆ ರಸ್ಕಿನ್ ದೊರೆತದ್ದು ಗಾಂಧೀಜಿಯಿಂದ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ ಗೆಳೆಯ ಪೋಲಕ್ ಕೈಗಿತ್ತ ‘ಅನ್‌ಟು ದಿಸ್ ಲಾಸ್ಟ್’ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ‘ಸರ್ವೋದಯ’ ಎಂಬ ಪದ ಬಂದದ್ದು ಅದರಿಂದ. ರೈಲನ್ನು ಅಷ್ಟೊಂದು ದ್ವೇಷಿಸಿದವನ ಪುಸ್ತಕವನ್ನು, ಮುಂದೆ ‘ಹಿಂದ್ ಸ್ವರಾಜ್’ನಲ್ಲಿ ರೈಲನ್ನು ಖಂಡಿಸಲಿದ್ದವರು, ರೈಲಿನಲ್ಲಿಯೇ ಕುಳಿತು ಓದಿ ಮುಗಿಸಿದರು. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು.

ಶೆಫೀಲ್ಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ನಾವೆಲ್ಲ, ಎಂಟು ವರ್ಷದ ಮೊಮ್ಮಗನೂ ಸೇರಿ, ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೊರಟೆವು. ಮಾನ್ಸಲ್ ಹೆಡ್ ಎಂಬ ದಿಬ್ಬದ ಮೇಲೆ ನಿಂತರೆ ಕಣಿವೆ ಇಡಿಯಾಗಿ ಕಾಣುತ್ತದೆ. ನೆರೆದವರೆಲ್ಲರೂ ಚಿತ್ರ ತೆಗೆಯುತ್ತಿದ್ದುದು ಸೇತುವೆಯದನ್ನೇ. ಮುಚ್ಚಿದ ಎರಡೇ ವರ್ಷಕ್ಕೆ, 1970ರಲ್ಲಿ, ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು.

“ಹಾಗಾದರೆ ನಿಮ್ಮ ರಸ್ಕಿನ್ ಸೋತ ಹಾಗಾಯಿತಲ್ಲ, ಅಪ್ಪಾ?” ಎಂದಳು ಮಗಳು.

ನಾನು ಒಪ್ಪಲಿಲ್ಲ. ಜನ ಮೆಚ್ಚುತ್ತಿರುವುದು ರೈಲು ಹೋಗದ ಸೇತುವೆಯನ್ನು. ಹೊಗೆ, ಮಸಿ, ಸಿಳ್ಳು ಯಾವುದೂ ಇಲ್ಲ. ಕಲ್ಲಿಗೆ ಪಾಚಿಯ ಬಣ್ಣ ಬಂದಿದೆ. ಹಳಿ ಕಿತ್ತ ಹಾದಿ 1981ರಿಂದ ಕಾಲುದಾರಿಯಾಗಿದೆ, ಸುರಂಗಗಳೂ 2011ರಲ್ಲಿ ತೆರೆದಿವೆ. ರಸ್ಕಿನ್ ಬೇಡಿದ್ದ ಮೌನ ಒಂದು ಶತಮಾನ ತಡವಾಗಿ ಬಂದಿದೆ, ಅಷ್ಟೆ. ನನ್ನ ತಕರಾರು ಬೇರೆ.

ಸೇತುವೆ ದಾಟಿ, ಕ್ರೆಸ್‌ಬ್ರುಕ್ ಮತ್ತು ಲಿಟ್ಟನ್ ಸುರಂಗಗಳನ್ನು ಹಾದು ನಡೆದರೆ ಕೆಳಗೆ ನದಿಯ ಬಳಿ ಲಿಟ್ಟನ್ ಗಿರಣಿ ಸಿಗುತ್ತದೆ. ರೈಲು ಬರುವುದಕ್ಕೆ ಎಷ್ಟೋ ಮೊದಲು, 18ನೆಯ ಶತಮಾನದ ಕೊನೆಯಲ್ಲಿಯೇ, ಈ ನೀರಿನ ಬಲದಿಂದ ಹತ್ತಿಯ ನೂಲು ತೆಗೆಯುತ್ತಿದ್ದರು. ದುಡಿಯುತ್ತಿದ್ದವರಲ್ಲಿ ಅನಾಥಾಲಯಗಳಿಂದ ತಂದ ಮಕ್ಕಳಿದ್ದರು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಅನಾಥಾಲಯದ ರಾಬರ್ಟ್ ಬ್ಲಿಂಕೋ ಏಳರ ವಯಸ್ಸಿನಲ್ಲಿ ಮೊದಲು ನಾಟಿಂಗ್‌ಹ್ಯಾಮ್ ಬಳಿಯ ಗಿರಣಿಗೆ, ಆಮೇಲೆ ಲಿಟ್ಟನ್ನಿಗೆ ಬಂದ. ಜಾನ್ ಬ್ರೌನ್ ದಾಖಲಿಸಿದ ಅವನ ಜೀವನಕಥನ 1832ರಲ್ಲಿ ಪುಸ್ತಕವಾಯಿತು. ಹಸಿವು, ಹೊಡೆತ, ಮುಗಿಯದ ದುಡಿಮೆ: ಅದನ್ನು ಓದುವುದು ಕಷ್ಟ. ಆದರೂ ಅದಾಗಿ ಸುಮಾರು ನಲವತ್ತು ವರ್ಷಗಳ ಮೇಲೆ, ಅದೂ ಶ್ರಮಿಕರಿಗೇ ಬರೆದ ಪತ್ರದಲ್ಲಿ, ಇದೇ ಕಣಿವೆಯನ್ನು ವರ್ಣಿಸುವ ಆ ಪ್ರಸಿದ್ಧ ಭಾಗದಲ್ಲಿ ದೇವತೆಗಳಿದ್ದಾರೆ, ಈ ಮಕ್ಕಳಿಲ್ಲ. ಶ್ರಮದ ಘನತೆಯನ್ನು ಕುರಿತು ಅಷ್ಟು ಬರೆದವನ ಗದ್ಯವೂ ಪ್ರಕೃತಿಸೌಂದರ್ಯದ ಎದುರು ಹೀಗೆ ಮೈಮರೆಯುತ್ತದೆ. ನಮ್ಮ ಕಾವ್ಯಗಳ ವನವರ್ಣನೆಗಳನ್ನು ಓದುವಾಗಲೂ ನನಗೆ ಈ ಅನುಮಾನ ಬಿಡುವುದಿಲ್ಲ.

ಗಿರಣಿ ಈಗ ವಾಸದ ಮನೆಗಳಾಗಿದೆ. ಎದುರಿನ ದಂಡೆಯ ಮೇಲೆ ಕುಳಿತು ಚಪಾತಿ ತಿನ್ನುತ್ತ ಮೊಮ್ಮಗನಿಗೆ ಬ್ಲಿಂಕೋನ ಕಥೆಯನ್ನು ಆದಷ್ಟು ಮೆದುವಾಗಿ ಹೇಳಿದೆ. ಅವನು ಬದುಕುಳಿದ, ಸ್ವಂತ ವ್ಯಾಪಾರ ಹೂಡಿದ, ಅವನ ಮಗ ಕೇಂಬ್ರಿಜ್‌ನಲ್ಲಿ ಓದಿ ಪಾದ್ರಿಯಾದ ಎಂದೆ.

“ಉಳಿದ ಮಕ್ಕಳು, ಅಜ್ಜಾ?”

ಕೆಲವರು ಇಲ್ಲಿಯೇ ತೀರಿಕೊಂಡರು ಎಂದೆ. ಅವನು ಗಿರಣಿಯ ಕಿಟಕಿಗಳನ್ನು ಎಣಿಸತೊಡಗಿದ.