ಯಾರದ್ದೆಂದು ತಿಳಿಯದ ಕುದುರೆಮರಿ

ಬಿದ್ದು ಸಿಕ್ಕಿದ ವಸ್ತುವನ್ನು ಏನು ಮಾಡಬೇಕೆಂಬ ಬಗ್ಗೆ ಫಿಕ್ಹ್ ಗ್ರಂಥಗಳಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ‘ಲುಕ್ತಾ’ ಎಂದು ಅದರ ಹೆಸರು. ಮದ್ರಸದಲ್ಲಿ ಅದನ್ನು ಓದುವಾಗ ಬರುತ್ತಿದ್ದ ಉದಾಹರಣೆಗಳು ಒಂಟೆ, ಆಡು, ದಿರ್‌ಹಮ್ ತುಂಬಿದ ಚೀಲ. ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ಮರೆತೆವು. ಇರಕಲ್ಲಗಡದಂಥ ಊರಿನಲ್ಲಿ ಆ ಅಧ್ಯಾಯವನ್ನು ಮತ್ತೆ ತೆರೆಯಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಅದು 2022ರ ಮಾರ್ಚ್ ಕೊನೆ. ರಮಝಾನ್‌ಗೆ ಇನ್ನೊಂದು ವಾರವಿತ್ತು. ಕೋಟೆ ಬೆಟ್ಟದ ಬುಡದಲ್ಲಿ, ಕಲ್ಲುಬಂಡೆಗಳ ನಡುವೆ ಒಂದು ಕುದುರೆಮರಿ ಬಿದ್ದಿದೆಯೆಂದು ನನ್ನ ಬಳಿ ಓದುವ ಹುಡುಗರು ಓಡಿ ಬಂದು ಹೇಳಿದರು. ಹೋಗಿ ನೋಡಿದೆ. ಗಂಡುಮರಿ. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಚಿಕ್ಕದಿದ್ದಾಗ ಕಟ್ಟಿದ ನೈಲಾನ್ ಹಗ್ಗವನ್ನು ಯಾರೂ ಸಡಿಲಿಸಿರಲಿಲ್ಲ. ಮರಿ ಬೆಳೆದಂತೆ ಹಗ್ಗ ಕುತ್ತಿಗೆಯ ಮಾಂಸದೊಳಗೆ ಹೂತು ಹೋಗಿ, ಗಾಯದಲ್ಲಿ ಹುಳ ಬಿದ್ದಿದ್ದವು. ಅಲ್ಲಿ ನೆರೆದಿದ್ದ ಹಿರಿಯರೊಬ್ಬರು, “ಮಾಸ್ತರ, ಇದು ಉಳಿಯಂಗಿಲ್ಲ. ಯಾಕ್ ಬೇಕ್ರಿ ಇದರ ಉಸಾಬರಿ?” ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಅನುಭವವಿತ್ತು.

ದಾರಿ ತಪ್ಪಿದ ಆಡು ಕುರಿಯನ್ನು ಹಿಡಿದು ಕಾಪಾಡಿ, ಇಲ್ಲವಾದರೆ ಅದು ತೋಳದ ಪಾಲಾದೀತು, ಆದರೆ ಒಂಟೆಯನ್ನು ಅದರಷ್ಟಕ್ಕೆ ಬಿಟ್ಟುಬಿಡಿ, ಅದು ನೀರು ಮೇವು ಹುಡುಕಿಕೊಂಡು ಬದುಕಬಲ್ಲದು ಎಂಬ ಅರ್ಥದ ಮಾರ್ಗದರ್ಶನ ಪ್ರವಾದಿವರ್ಯರ(ಸ) ಹದೀಸ್‌ನಲ್ಲಿದೆ. ಹಾಗಾದರೆ ಕುದುರೆ ಯಾವ ಸಾಲಿಗೆ ಸೇರುತ್ತದೆ? ಬೆಳೆದ ಕುದುರೆ ಒಂಟೆಯ ಸಾಲಿಗೆ ಸೇರೀತು. ಎದ್ದು ನಿಲ್ಲಲಾರದ ಈ ಮರಿಯದ್ದು ಕುರಿಯ ಸ್ಥಿತಿಯೇ. ತೋಳವೆಂಬುದೂ ನಮ್ಮ ಕಡೆ ಬರೀ ಪುಸ್ತಕದ ಪ್ರಾಣಿಯಲ್ಲ. ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿದೆ. ನಾಲ್ಕು ಜನ ಸೇರಿ ಮರಿಯನ್ನು ಚಾಪೆಯ ಮೇಲೆ ಹೊತ್ತು ನಮ್ಮ ಹಿತ್ತಲಿಗೆ ತಂದೆವು.

ಪಶುವೈದ್ಯರು ಬಂದು ಹಗ್ಗ ಕತ್ತರಿಸಿದರು. ಟರ್ಪೆಂಟೈನ್ ಹಾಕಿ ಹುಳಗಳನ್ನು ತೆಗೆದರು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ ಎಂದು ಮೊದಲು ಅದರ ಚುಚ್ಚುಮದ್ದು ಕೊಟ್ಟರು. ಆಮೇಲೆ ತುಟಿ ಬಿಡಿಸಿ ಹಲ್ಲು ತೋರಿಸಿದರು. ಕುದುರೆಮರಿಯ ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಹುಟ್ಟಿದ ಎಂಟು ದಿನಕ್ಕೆ, ಅದರ ಪಕ್ಕದ ಜೋಡಿ ಎಂಟು ವಾರಕ್ಕೆ, ಮೂಲೆಯ ಜೋಡಿ ಎಂಟು ತಿಂಗಳಿಗೆ ಬರುತ್ತವೆಯಂತೆ. ನಮ್ಮ ಮರಿಗೆ ಮೂಲೆಯ ಹಲ್ಲು ಆಗಷ್ಟೇ ವಸಡು ಸೀಳುತ್ತಿತ್ತು.

ಹಸಿದ ಪ್ರಾಣಿಗೆ ಹೊಟ್ಟೆ ತುಂಬ ಹಾಕಬೇಕೆಂಬುದು ನಮ್ಮೆಲ್ಲರ ಸಹಜ ಭಾವನೆ. ಒಬ್ಬರು ನೆನೆಸಿದ ಹುರುಳಿ ತಂದರು, ಇನ್ನೊಬ್ಬರು ಬೆಲ್ಲ ತಂದರು. ವೈದ್ಯರು ಎರಡನ್ನೂ ತಡೆದರು. ಬಹುದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಕಾಳು, ಸಿಹಿ ಕೊಟ್ಟರೆ ರಕ್ತದಲ್ಲಿನ ಲವಣಾಂಶಗಳು ಏರುಪೇರಾಗಿ, ತಿಂದ ಮೇಲೆಯೇ ಸಾಯುತ್ತದೆ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ, ಒಳಗೆ ಹೋದದ್ದು ಹೋದಂತೆಯೇ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಇಂಥ ಕುದುರೆಗಳನ್ನು ಅಭ್ಯಾಸ ಮಾಡಿದವರು, ಲೂಸರ್ನ್ ಮೇವನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕು ಗಂಟೆಗೊಮ್ಮೆ ಕೊಡುವುದೇ ಸುರಕ್ಷಿತವೆಂದು ಕಂಡುಕೊಂಡಿದ್ದಾರೆ. ಲೂಸರ್ನ್‌ಗೆ ನಮ್ಮ ರೈತರು ಇಟ್ಟ ಹೆಸರೇ ಕುದುರೆಮೆಂತೆ! ಹಿಂದಿನವರಿಗೆ ಇದು ಗೊತ್ತಿತ್ತೋ ಏನೋ.

ರಾತ್ರಿಯ ಮೇವಿನ ಹೊಣೆಯನ್ನು ನನ್ನ ಪತ್ನಿ ವಹಿಸಿಕೊಂಡಳು. ರಮಝಾನ್ ಆರಂಭವಾದದ್ದರಿಂದ ಅದು ಸುಲಭವೂ ಆಯಿತು. ತರಾವೀಹ್ ಮುಗಿಸಿ ಬಂದು ಒಂದು ಹಿಡಿ, ಸಹ್ರಿಗೆ ಎದ್ದಾಗ ಒಂದು ಹಿಡಿ. ಐದನೆಯ ದಿನ ಮರಿ ತಾನಾಗಿ ಎದ್ದು ನಿಂತಿತು. ಹತ್ತು ದಿನ ಕಳೆದ ಮೇಲೆ ಒಣಹುಲ್ಲು, ಆನಂತರ ಹಿಡಿಯಷ್ಟು ಬೇಯಿಸಿದ ಹುರುಳಿ. ನಮ್ಮ ಭಾಗದವರು ತಿಳಿದಿರಬೇಕಾದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳುತ್ತೇನೆ: ಎಳೆಯ ಹಸಿಜೋಳದ ಮೇವು ಮತ್ತು ಬೂಸ್ಟು ಹಿಡಿದ ಮೆಕ್ಕೆಜೋಳ ಕುದುರೆಗೆ ಅಪಾಯ. ಬೂಸ್ಟಿನ ವಿಷ ನೇರವಾಗಿ ಮಿದುಳನ್ನೇ ಹಾಳುಮಾಡುತ್ತದೆ. ಎತ್ತಿಗೆ ನಡೆದದ್ದು ಕುದುರೆಗೆ ನಡೆಯುವುದಿಲ್ಲ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಮನುಷ್ಯರ ಭಯ ಮಾಯಲು ಅದಕ್ಕಿಂತ ಹೆಚ್ಚು. ಹಗ್ಗ ಕಂಡರೆ ಸಾಕು, ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. ಹಾಗಾಗಿ ಹಗ್ಗವನ್ನು ಬಿಟ್ಟು, ಹಳೆಯ ಹತ್ತಿಬಟ್ಟೆ ಹೆಣೆದು ಮೂಗುದಾರವಿಲ್ಲದ ಸಡಿಲ ಮುಖವಾಡ ಮಾಡಿದೆವು. ಕುದುರೆ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ನಮ್ಮ ಆಡನ್ನು ಅದರ ಜೊತೆ ಕಟ್ಟಿದ ಮೇಲೆಯೇ ಅದು ರಾತ್ರಿ ಮಲಗತೊಡಗಿದ್ದು. ಗೊರಸು ಬೆಳೆದು ಸೊಟ್ಟಗಾಗಿತ್ತು. ಎತ್ತುಗಳಿಗೆ ಲಾಳ ಕಟ್ಟುವ ವೃದ್ಧ ನಾಲಬಂದರೊಬ್ಬರು ಬಂದು, ಹಣ ಮುಟ್ಟದೆ, ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ಕೆತ್ತಿದರು. ಕುದುರೆಯ ಕಾಲು ಹಿಡಿದು ಎಷ್ಟೋ ವರ್ಷಗಳಾಗಿತ್ತಂತೆ.

ಇಲ್ಲಿಯವರೆಗಿನದು ಸುಲಭದ ಭಾಗ. ಕಷ್ಟವಿದ್ದದ್ದು ಮುಂದೆ.

ಅದು ಯಾರ ಕುದುರೆ? ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಚಹಾ ಬಿಸ್ಕತ್ತಿನ ಖರ್ಚು. ಅದಿರಲಿ, ಬಿಟ್ಟುಹೋದದ್ದೋ, ತಪ್ಪಿಸಿಕೊಂಡದ್ದೋ, ಕಳವಾದದ್ದೋ ನಮಗೇನು ಗೊತ್ತು? ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟೆ. ಪಂಚಾಯ್ತಿ ಬೋರ್ಡಿಗೆ ಚೀಟಿ ಅಂಟಿಸಿದೆ. ಜುಮಾ ನಂತರ ಹೇಳಿಸಿದೆ, ಸುತ್ತಲಿನ ಸಂತೆಗಳಲ್ಲಿ ತಿಳಿಸಿದೆ. ಸಿಕ್ಕ ವಸ್ತುವಿನ ಗುರುತನ್ನೆಲ್ಲ ಬಹಿರಂಗಪಡಿಸಬಾರದು, ಕೇಳಿಕೊಂಡು ಬಂದವರೇ ಹೇಳಬೇಕು ಎಂಬುದು ಲುಕ್ತಾ ಅಧ್ಯಾಯದ ಪಾಠ. ಅದು ಎಷ್ಟು ವ್ಯಾವಹಾರಿಕವೆಂದು ಆಗ ತಿಳಿಯಿತು. ಮರಿ ದುಂಡಗಾಗುತ್ತಿದ್ದಂತೆ ಇಬ್ಬರು ‘ಮಾಲೀಕರು’ ಬಂದರು. ಯಾವ ಕಾಲಿಗೆ ಬಿಳಿ ಇದೆ ಎಂದು ಕೇಳಿದೆ. ಒಬ್ಬರು ಮುಂಗಾಲೆಂದರು, ಇನ್ನೊಬ್ಬರು ನಾಲ್ಕೂ ಎಂದರು. ಹಿಂದಿನ ಎಡಗಾಲಿಗಿತ್ತು. ಚಹಾ ಕುಡಿಸಿ ಕಳುಹಿಸಿದೆ.

ಮದುವೆ ಮೆರವಣಿಗೆಗೆ ಕುದುರೆ ಒದಗಿಸುವ ಒಬ್ಬರು ಬಂದು 18,000 ರೂಪಾಯಿ ಎಣಿಸಿ ಜಗುಲಿಯ ಮೇಲಿಟ್ಟರು. ಔಷಧ, ಮೇವಿಗೆಂದು ಆಗಲೇ ಬಹಳ ಖರ್ಚಾಗಿತ್ತು. ಮಗಳ ಕಾಲೇಜು ಶುಲ್ಕದ ದಿನವೂ ಹತ್ತಿರವಿತ್ತು. ಒಂದೂವರೆ ವರ್ಷಕ್ಕೇ ಇದನ್ನು ಕೆಲಸಕ್ಕೆ ಹಚ್ಚುವುದಾಗಿ ಅವರೇ ಹೇಳಿದರು. ಬ್ಯಾಂಡು, ಪಟಾಕಿ, ಜನರೇಟರ್ ದೀಪಗಳ ನಡುವೆ! ಹಗ್ಗಕ್ಕೇ ನಡುಗುವ ಪ್ರಾಣಿ ಅದು. ನಾನು ಉತ್ತರ ಹುಡುಕುತ್ತಿರುವಾಗಲೇ ಒಳಗಿನಿಂದ ಪತ್ನಿ ಕೇಳಿದಳು: “ನಮ್ಮದಲ್ಲದ್ದನ್ನ ಮಾರಾಕ ಬರ್ತೈತೇನ್ರೀ?” ಹಿದಾಯಾದಂಥ ದೊಡ್ಡ ಗ್ರಂಥ ಹೇಳುವುದೂ ಇದನ್ನೇ. ಖಾಝಿಯ ಅನುಮತಿಯಿಲ್ಲದೆ ಮಾಡಿದ ಖರ್ಚು ನಮ್ಮ ಸ್ವಂತ ಔದಾರ್ಯ, ಅದನ್ನು ಮಾಲೀಕನಿಂದಲೂ ವಸೂಲಿ ಮಾಡುವಂತಿಲ್ಲ. ಅವರು ಹಣ ಎತ್ತಿಕೊಂಡು ಹೋದರು. ಶುಲ್ಕವನ್ನು ಕೈಗಡದಿಂದ ತುಂಬಿದೆವು.

ಹಾಗಾದರೆ ಕುದುರೆಗೆ ಮನೆ ಎಲ್ಲಿ? ನಮ್ಮ ನೆಲಕ್ಕೂ ಕುದುರೆಗೂ ಇದ್ದ ನಂಟು ಸಣ್ಣದಲ್ಲ. ತುಂಗಭದ್ರೆಯ ದಡದ ವಿಜಯನಗರಕ್ಕೆ ಅರಬ್ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಸಾಳುವ ನರಸಿಂಹನು ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದೇ ಸೀಮೆಯಲ್ಲಿ ಈಗ ಬದುಕಿರುವ ಮರಿಗೂ ಗಿರಾಕಿಯಿಲ್ಲ. 2019ರ ಜಾನುವಾರು ಗಣತಿಯಂತೆ ಇಡೀ ದೇಶದಲ್ಲಿ ಕುದುರೆ, ತಟ್ಟುಗಳು ಸುಮಾರು 3.4 ಲಕ್ಷ ಮಾತ್ರ. ಏಳು ವರ್ಷಗಳಲ್ಲಿ ಶೇ. 45ಕ್ಕೂ ಹೆಚ್ಚು ಇಳಿಕೆ. ಟಾಂಗಾದ ಜಾಗಕ್ಕೆ ಆಟೋ ಬಂತು. ಕೆಲಸ ಹೋದ ಮೇಲೆ ಅನ್ನವೂ ಹೋಯಿತು. ಬೆಂಗಳೂರಿನಲ್ಲಿ 1991ರಿಂದ ನಡೆಯುತ್ತಿರುವ ‘ಕ್ಯೂಪಾ’ದಂಥ ಸಂಸ್ಥೆಗಳಿವೆ. ಅವರ ಸೇವೆ ದೊಡ್ಡದು, ಆದರೆ ಪ್ರತಿ ಹಳ್ಳಿಯ ಮರಿಯೂ ಬೆಂಗಳೂರಿನ ದಾರಿ ಹಿಡಿಯುವುದು ಸಾಧ್ಯವೇ?

ದಾರಿ ಕಂಡದ್ದು ನಮ್ಮ ಮನೆಯ ಮುಂದೆಯೇ. ಕುರಿಮಂದೆಯೊಂದಿಗೆ ವಲಸೆ ಹೋಗುವ ಕುರುಬರು ತಟ್ಟುಗಳನ್ನು ಸಾಕುತ್ತಾರೆ. ಬಲೆ, ಪಾತ್ರೆ, ಹಾಸಿಗೆ, ಆಗತಾನೇ ಹುಟ್ಟಿದ ಕುರಿಮರಿಗಳು, ಎಲ್ಲವೂ ಅದರ ಬೆನ್ನ ಮೇಲೆ. ದಖ್ಖನ್ನಿನ ಈ ಗಿಡ್ಡ ಕುದುರೆಗೆ ಭೀಮಾ ನದಿಯ ಹೆಸರಿನಲ್ಲಿ ‘ಭೀಮಥಡಿ’ ಎಂದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯ ಮಾನ್ಯತೆಯೂ ಸಿಕ್ಕಿದೆ. ಕುಷ್ಟಗಿ ಕಡೆಯ ವಯಸ್ಸಾದ ಕುರಿಗಾರರೊಬ್ಬರು ಹಾದಿಯಲ್ಲಿ ನಮ್ಮ ಮರಿಯನ್ನು ಕಂಡು ನಿಂತರು. ಅವರ ಒಂದು ಕುದುರೆ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತಂತೆ. ಅವರು ಮರಿಯ ಹತ್ತಿರ ಹೋಗಲಿಲ್ಲ. ಬೆನ್ನು ತಿರುಗಿಸಿ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಹದಿನೈದು ನಿಮಿಷದಲ್ಲಿ ಮರಿಯೇ ಬಂದು ಅವರ ಕಂಬಳಿಯನ್ನು ಮೂಸಿತು. ನನಗೆ ಮೂರು ತಿಂಗಳು ಹಿಡಿದ ಕೆಲಸ ಅದು.

ಆದರೂ ವರ್ಷ ತುಂಬುವವರೆಗೆ ಕಾದೆವು. ಕುದುರೆಗಳ ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ತಗಲಬಲ್ಲದು. ಸೋಂಕು ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಅದಕ್ಕಾಗಿ ರಕ್ತಪರೀಕ್ಷೆಯಾಯಿತು. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸೋಂಕಿಲ್ಲವೆಂದು ಬಂತು, ಅಲ್‌ಹಮ್ದುಲಿಲ್ಲಾಹ್.

2023ರ ರಮಝಾನ್ ಮುಗಿದ ಮೇಲೆ ನನ್ನ ಉಸ್ತಾದರಿಗೆ ಫೋನ್ ಮಾಡಿ ಕೇಳಿದೆ. ಮಾಲೀಕನ ಹೆಸರಿನಲ್ಲಿ ಅಗತ್ಯವುಳ್ಳವರಿಗೆ ಸದಕಾ ಮಾಡಿಬಿಡು, ಪುಣ್ಯ ಅವನಿಗೆ ಎಂದರು. ಆದರೆ ಹನಫಿ ಮದ್‌ಹಬ್‌ನ ನಿಯಮವನ್ನೂ ನೆನಪಿಸಿದರು: ಮುಂದೆಂದಾದರೂ ಅವನು ಬಂದು ಸದಕಾ ಒಪ್ಪದಿದ್ದರೆ ಬೆಲೆ ತೆರಬೇಕಾದವನು ನೀನು. ಕುರುಬರಿಗೆ ಕೊಡಬಹುದೇ ಎಂದು ಮಸೀದಿಯಲ್ಲಿ ಒಬ್ಬರು ಕೇಳಿದ್ದನ್ನು ಅವರಿಗೆ ಹೇಳಿದೆ. ಉಸ್ತಾದರು ನಕ್ಕರು. ಬಾಯಾರಿದ ನಾಯಿಗೆ ನೀರು ಕೊಟ್ಟವನ ಹದೀಸನ್ನು ಆತನಿಗೆ ಓದಿ ಹೇಳು ಎಂದು ಫೋನ್ ಇಟ್ಟರು.

ಕುರಿಗಾರರಿಗೆ ನಾನು ಹಾಕಿದ ಷರತ್ತು ಒಂದೇ: ಮೂರು ವರ್ಷ ತುಂಬುವವರೆಗೆ ಹೊರೆ ಹೇರಬಾರದು, ಎಲುಬು ಬಲಿತಿರುವುದಿಲ್ಲ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ಅದನ್ನ ನಮಗ ಹೇಳಬೇಕೇನ್ರಿ?” ಎಂದರು. ಮರಿ ಹೊರಟ ದಿನ ನಮ್ಮ ಆಡು ಸಂಜೆಯವರೆಗೆ ಅರಚಿತು. ಮಗಳು ಅಂದು ಕಾಲೇಜಿಗೆ ಹೋಗಲಿಲ್ಲ.

2024ರ ಕೊನೆಯಲ್ಲಿ ಕಾರಟಗಿ ಕಡೆಯಿಂದ ಅವರ ಮಗ ಫೋನ್ ಮಾಡಿದ್ದ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದರು. ಕುದುರೆಯ ಮೇಲೆ ಮೊದಲ ಬಾರಿಗೆ ಹೊರೆ ಇಟ್ಟರಂತೆ, ಎಡಕ್ಕೆ ಒಂದು, ಬಲಕ್ಕೆ ಒಂದು ಕುರಿಮರಿ, ಅಷ್ಟೇ. ನನ್ನ ವಸಿಯ್ಯತ್ ಕಾಗದದಲ್ಲಿ ಕೈಗಡಗಳ ಪಟ್ಟಿಯ ಕೆಳಗೆ, ಹಿಂದಿನ ಎಡಗಾಲು ಬಿಳಿ ಇರುವ ಗಂಡು ಕುದುರೆಯ ಬಾಬ್ತು 18,000 ರೂಪಾಯಿ ಎಂದು ಬರೆದಿಟ್ಟಿದ್ದೇನೆ. ಮಾಲೀಕ ಇನ್ನೂ ಬಂದಿಲ್ಲ.