ವಾಪಸಿನ ಪಾಲು

ನೀರಿನ ಮೇಲೆ ಡ್ರೋನ್ ಹಾರಿಸುವ ಸುಖ ಅದು ಮೇಲೆದ್ದು ಹೋಗುವುದರಲ್ಲಿ ಎಷ್ಟಿದೆಯೋ, ಅದನ್ನು ಕರೆದುಕೊಂಡು ಬರುವುದರಲ್ಲಿ ಅದಕ್ಕಿಂತ ಹೆಚ್ಚಿದೆ ಎಂದು ನಾನು ನಂಬಿದ್ದೇನೆ. ಹೊಲದ ಮೇಲೆ ಬ್ಯಾಟರಿ ಸೋತರೆ ಡ್ರೋನ್ ಅರಿಸಿನದ ಸಾಲಿನಲ್ಲೋ ಚೆಂಡುಹೂವಿನ ನಡುವೆಯೋ ಇಳಿಯುತ್ತದೆ. ಹುಡುಕಿ ತರಬಹುದು. ಕೆರೆಯ ನಡುವೆ ಇಳಿಯಲು ಜಾಗವೇ ಇಲ್ಲ. ಹಾಗಾಗಿ ಅಲ್ಲಿ ಹಾರಿಸುವಾಗ ಒಂದು ಕಣ್ಣು ಚಿತ್ರದ ಮೇಲಿದ್ದರೆ ಇನ್ನೊಂದು ಪರದೆಯ ಮೂಲೆಯ ಪರ್ಸೆಂಟಿನ ಮೇಲೆ ಇರಲೇಬೇಕು. ಈ ಎಚ್ಚರವೇ ನನಗೆ ಈ ಹವ್ಯಾಸದ ರುಚಿ.

ಗುಂಡ್ಲುಪೇಟೆ ಸೀಮೆ ಕೆರೆಗಳ ಸೀಮೆ. ಊರಿಗೆ ಅಂಟಿಕೊಂಡೇ ವಿಜಯಪುರ ಅಮಾನಿಕೆರೆ ಇದೆ. ಆಚೆ ನಲ್ಲೂರು ಅಮಾನಿಕೆರೆ, ಹುತ್ತೂರು, ವಡ್ಡಗೆರೆ, ತೆರಕಣಾಂಬಿ. ಬಹುಕಾಲ ಬತ್ತಿ ಬಿರುಕು ಬಿಟ್ಟಿದ್ದ ಎಷ್ಟೋ ಕೆರೆಗಳಿಗೆ ಈಗ ಕಬಿನಿಯ ನೀರನ್ನು ಪಂಪಿನಿಂದ ಎತ್ತಿ ಹರಿಸುತ್ತಾರೆ. ಒಣಗಿದ್ದ ಕಾಲದಲ್ಲಿ ಕೆರೆಯಂಗಳದಲ್ಲಿ ಹುಟ್ಟಿ ಬೆಳೆದ ಜಾಲಿ ಮರಗಳು ನೀರು ಬಂದ ಮೇಲೆ ನಿಂತಲ್ಲೇ ಸತ್ತು ಬೆಳ್ಳಗಾಗುತ್ತವೆ. ದಡದಿಂದ ನೋಡಿದರೆ ಒಣಕೊಂಬೆಗಳ ರಾಶಿ. ಅರವತ್ತು ಮೀಟರ್ ಮೇಲಿನಿಂದ ನೋಡಿದರೆ ಹಳೆಯ ದನದ ಜಾಡಿನ ಗುಂಟ ಸಾಲಾಗಿ ಎದ್ದ ಮರಗಳು ಅವು ಎಂದು ತಿಳಿಯುತ್ತದೆ. ಕೆರೆ ಬತ್ತಿದ್ದಾಗ ದನ ಯಾವ ದಾರಿಯಲ್ಲಿ ಓಡಾಡಿದವು ಎಂಬುದು ತುಂಬಿದ ಕೆರೆಯ ಮೇಲೆ ಬರೆದಂತಿರುತ್ತದೆ. ಇದನ್ನು ನೋಡಲಿಕ್ಕೆಂದೇ ನಾನು ಹಾರಿಸುವುದು.

ಆಷಾಢ ಬಂತೆಂದರೆ ನಮ್ಮ ಕಡೆ ಗಾಳಿಯದೇ ರಾಜ್ಯ. ಚಾಮರಾಜನಗರದಲ್ಲಿ ಹೊಸದಾಗಿ ಮದುವೆಯಾದವರು ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆಯುವ ಹೊತ್ತಿಗೆ, ಗುಂಡ್ಲುಪೇಟೆಯ ಬಯಲಿನಲ್ಲಿ ಸೂರ್ಯಕಾಂತಿ ಅರಳಿ, ನೈಋತ್ಯದಿಂದ ಬರುವ ಗಾಳಿಗೆ ಇಡೀ ಹೊಲ ತಲೆದೂಗುತ್ತಿರುತ್ತದೆ. ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಬ್ಯಾಟರಿಗೆ ಅದಕ್ಕಿಂತ ಕಷ್ಟದ ಕಾಲವೂ ಇಲ್ಲ. ಡ್ರೋನು ಸೆಕೆಂಡಿಗೆ ಹತ್ತು ಮೀಟರ್ ಹೋಗುತ್ತದೆ, ಗಾಳಿ ಆರು ಮೀಟರ್ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿ ಹಿಂದಿನಿಂದ ತಳ್ಳಿದರೆ ಒಂದು ಕಿಲೋಮೀಟರನ್ನು ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ದಾಟುತ್ತದೆ. ಅದೇ ದಾರಿಯಲ್ಲಿ ಎದುರುಗಾಳಿಗೆ ವಾಪಸು ಬರಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಹೋಗುವಾಗ ಹತ್ತು ಪರ್ಸೆಂಟ್ ತಿಂದದ್ದು ಬರುವಾಗ ನಲವತ್ತು ತಿನ್ನುತ್ತದೆ. ಪೆಟ್ಟಿಗೆಯ ಮೇಲೆ 31 ನಿಮಿಷ ಎಂದು ಬರೆದಿರಬಹುದು. ಅದು ಗಾಳಿಯಿಲ್ಲದ ಕಡೆ ಒಂದೇ ಹದದ ವೇಗದಲ್ಲಿ ಹಾರಿಸಿ ಅಳೆದ ಲೆಕ್ಕ. ವಡ್ಡಗೆರೆಯ ಗಾಳಿಗೆ ಅದು ಅನ್ವಯಿಸುವುದಿಲ್ಲ.

ಇಲ್ಲಿ ಕೆರೆ ಕಟ್ಟಿಸಿದ ಹಿರಿಯರು ನನಗೆ ದೊಡ್ಡ ಉಪಕಾರ ಮಾಡಿಹೋಗಿದ್ದಾರೆ. ನೆಲದ ಇಳಿಜಾರು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಉತ್ತರಕ್ಕೆ. ಗುಂಡ್ಲು ಹೊಳೆ ಹರಿಯುವುದೂ ಆ ಕಡೆಗೇ, ನಂಜನಗೂಡಿನ ಬಳಿ ಕಬಿನಿ ಸೇರಲು. ಹಾಗಾಗಿ ಇಲ್ಲಿನ ಬಹುಪಾಲು ಕೆರೆಗಳಿಗೆ ಏರಿ ಇರುವುದು ಉತ್ತರದ ಮಗ್ಗುಲಲ್ಲಿ. ಏರಿಯ ಮೇಲೆ ನಿಂತರೆ ಆಷಾಢದ ಗಾಳಿ ನೀರು ದಾಟಿ ಬಂದು ನೇರ ಮುಖಕ್ಕೆ ಬಡಿಯುತ್ತದೆ. ಅಲ್ಲಿಂದ ಹಾರಿಸಿದರೆ ಹೋಗುವಾಗ ಎದುರುಗಾಳಿ, ಬರುವಾಗ ಗಾಳಿಯೇ ತಂದು ಒಪ್ಪಿಸುತ್ತದೆ. ಬ್ಯಾಟರಿ ತುಂಬಿರುವಾಗ ಕಷ್ಟದ ದಾರಿ, ಖಾಲಿಯಾಗುತ್ತಿರುವಾಗ ಸುಲಭದ ದಾರಿ. ಡ್ರೋನ್ ಹಿಡಿದು ಕೆರೆಗೆ ಹೊಸದಾಗಿ ಬಂದವರು ಎದುರು ದಡದ ನೆರಳಿಗೋ ಕಾರು ನಿಲ್ಲುವ ಜಾಗಕ್ಕೋ ಆಸೆಪಡುತ್ತಾರೆ. ಏರಿಗೆ ಬನ್ನಿ ಎಂದು ನಾನು ಕೈಹಿಡಿದು ಕರೆಯುತ್ತೇನೆ.

ಎಚ್ಚರಿಕೆಯ ಸದ್ದಿನ ಮಾತಿಗೆ ಬರುತ್ತೇನೆ. ಸಾಮಾನ್ಯವಾಗಿ ಅದು ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದು ಬ್ಯಾಟರಿ ಕಡಿಮೆಯಾಗಿದೆ ಎಂಬ ಸೂಚನೆ. ರಿಮೋಟು ಬಿಟ್ಟುಬಿಟ್ಟು ಕೂಗುತ್ತದೆ, ಪರದೆಯಲ್ಲಿ ವಾಪಸು ಬರಲೇ ಎಂಬ ಪ್ರಶ್ನೆ ಮೂಡುತ್ತದೆ, ಸೆಕೆಂಡುಗಳು ಇಳಿಯುತ್ತವೆ, ಉತ್ತರ ಕೊಡದಿದ್ದರೆ ಅದೇ ಹೊರಡುತ್ತದೆ. ಬೇಡ ಎಂದು ಒತ್ತಿ ಮುಂದುವರಿಯಲು ಅವಕಾಶವಿದೆ. ನೀರಿನ ಮೇಲೆ ಆ ಅವಕಾಶವನ್ನು ನಾನು ಬಳಸುವುದಿಲ್ಲ. ಎರಡನೆಯ ಹಂತ ಬಂದರೆ ಡ್ರೋನು ಎಲ್ಲಿದೆಯೋ ಅಲ್ಲೇ ಇಳಿಯತೊಡಗುತ್ತದೆ. ಕೆಳಗಿರುವುದು ನೀರೋ ನೆಲವೋ ಅದು ನೋಡುವುದಿಲ್ಲ. ಆಗ ಮಾಡಬೇಕಾದ ಕೆಲಸ ಒಂದೇ: ಎಡಗೈ ಸ್ಟಿಕ್ಕನ್ನು ಮೇಲಕ್ಕೆ ಒತ್ತಿ ಹಿಡಿದು ಇಳಿಯುವುದನ್ನು ತಡೆಯುತ್ತಾ, ಬಲಗೈಯಲ್ಲಿ ಹತ್ತಿರದ ದಡಕ್ಕೆ ನಡೆಸುವುದು. ಹೊರಟ ಜಾಗಕ್ಕಲ್ಲ, ಹತ್ತಿರದ ದಡಕ್ಕೆ. ಹೊರಡುವ ಮೊದಲು ಕೆರೆಯ ಸುತ್ತ ಒಮ್ಮೆ ಕಣ್ಣಾಡಿಸಿ, ಕೋಡಿಯ ಕಟ್ಟೆ ಎಲ್ಲಿದೆ, ಬಯಲು ಎಲ್ಲಿ ನೀರಿನೊಳಕ್ಕೆ ಚಾಚಿದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವುದು ಈ ಕಾರಣಕ್ಕೆ.

ಆದರೆ ಆ ಸದ್ದು ಕೇಳುವ ತನಕ ಕಾಯುವುದೇ ನನಗೆ ಒಪ್ಪಿಗೆಯಿಲ್ಲ. ವಾಪಸಿಗೆ ಎಷ್ಟು ಬೇಕು ಎಂದು ಯಂತ್ರ ಲೆಕ್ಕ ಹಾಕುವುದು ನಿಜ. ಇನ್ನೆರಡು ನಿಮಿಷದಲ್ಲಿ ಏಳಲಿರುವ ಗಾಳಿ ಆ ಲೆಕ್ಕದಲ್ಲಿ ಇರುವುದಿಲ್ಲ. ತೆರಕಣಾಂಬಿ ಸಂತೆಗೆ ಹೊರಟ ಹಿರಿಯರು ವಾಪಸು ಬರುವ ಬಸ್ ಚಾರ್ಜನ್ನು ಮೊದಲೇ ಬೇರೆ ಜೇಬಿಗೆ ಹಾಕಿಕೊಳ್ಳುವಂತೆ, ನಾನು ಅರ್ಧ ಬ್ಯಾಟರಿಯನ್ನು ಮೊದಲೇ ತೆಗೆದಿಟ್ಟು ಹೊರಡುತ್ತೇನೆ. ಐವತ್ತಕ್ಕೆ ಮುಖ ತಿರುಗಿಸಿದರೆ ಏರಿ ಹತ್ತಿರವಾಗುವ ಹೊತ್ತಿಗೆ ಇನ್ನೂ ಸಾಕಷ್ಟು ಉಳಿದಿರುತ್ತದೆ. ಉಳಿದದ್ದನ್ನು ತೂಬಿನ ಮೇಲೆ, ದಡದ ಪಕ್ಕದಲ್ಲಿ, ನಿಧಾನಕ್ಕೆ ಖರ್ಚು ಮಾಡಬಹುದು. ಒಳ್ಳೆಯ ಚಿತ್ರಗಳು ಸಿಗುವುದೂ ಅಲ್ಲೇ.

ಪರ್ಸೆಂಟ್ ಅಂಕಿಯ ಸ್ವಭಾವವನ್ನೂ ತಿಳಿದಿರಬೇಕು. ಸಾಮಾನ್ಯ ಲಿಥಿಯಂ ಪಾಲಿಮರ್ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ನಡುವಿನ ಇಳಿತ ಒಂದೇ ಸಮನಾಗಿರುವುದಿಲ್ಲ. ಬಹಳ ಹೊತ್ತು ಮೆಲ್ಲಗೆ ಇಳಿದು, ಕೊನೆಯಲ್ಲಿ ಜಾರಿಬಿಡುತ್ತದೆ. ಎದುರುಗಾಳಿಗೆ ಮೋಟಾರುಗಳು ತಿಣುಕಿದಾಗಲೂ ವೋಲ್ಟೇಜು ತಟ್ಟನೆ ಕುಸಿಯುತ್ತದೆ. ಇಪ್ಪತ್ತೈದು ತೋರಿಸುತ್ತಿದ್ದದ್ದು ನೋಡನೋಡುತ್ತಲೇ ಹದಿನೆಂಟಾಗಬಹುದು. ಮಾರ್ಗಶಿರ ಪುಷ್ಯದ ಬೆಳಗಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಮಂಜು ಬಯಲಿಗೂ ಹಬ್ಬಿದಾಗ ತಣ್ಣಗಾದ ಬ್ಯಾಟರಿ ತನ್ನ ಪೂರಾ ಶಕ್ತಿ ಕೊಡುವುದಿಲ್ಲ. ಅಂಥ ದಿನ ಬ್ಯಾಟರಿಗಳನ್ನು ಸ್ವೆಟರಿನ ಒಳಜೇಬಿನಲ್ಲಿಟ್ಟು ಮೈಶಾಖದಲ್ಲೇ ಕೆರೆಗೆ ಒಯ್ಯುತ್ತೇನೆ. ಮೇಲೆದ್ದ ಮೇಲೂ ಒಂದು ನಿಮಿಷ ಏರಿಯ ನೆಲದ ಮೇಲೆಯೇ ನಿಲ್ಲಿಸಿ, ಅಂಕಿ ಹೇಗೆ ಇಳಿಯುತ್ತದೆ ನೋಡಿ, ಆಮೇಲಷ್ಟೇ ನೀರಿಗೆ ಬಿಡುತ್ತೇನೆ. ಬಳಸದ ವಾರಗಳಲ್ಲಿ ಪೂರ್ತಿ ತುಂಬಿಸಿಡದೆ ಅರ್ಧದ ಆಸುಪಾಸಿನಲ್ಲಿಡುವುದು ರೂಢಿ. ಸ್ವಲ್ಪ ಉಬ್ಬಿದ ಬ್ಯಾಟರಿ ಹೊಲಕ್ಕೂ ಬೇಡ, ಕೆರೆಗಂತೂ ಬೇಡವೇ ಬೇಡ.

ನೀರಿನ ಹತ್ತಿರ ಇಳಿದು ಹಾರಿಸುವ ಆಸೆ ಎಲ್ಲರಿಗೂ ಇರುತ್ತದೆ. ಗಾಳಿಯೂ ಅಲ್ಲಿ ಕಡಿಮೆ, ಬ್ಯಾಟರಿಯೂ ಉಳಿಯುತ್ತದೆ. ಆದರೆ ಡ್ರೋನಿನ ಹೊಟ್ಟೆಯ ಕೆಳಗಿನ ಕ್ಯಾಮೆರಾ ನೆಲದ ಗುರುತು ಹಿಡಿದು ಸ್ಥಿರವಾಗಿ ನಿಲ್ಲುವಂಥದ್ದು. ಅಲುಗುವ ತೆರೆ, ಹೊಳೆಯುವ ಬಿಸಿಲು ಅದರ ಅಂದಾಜು ತಪ್ಪಿಸುತ್ತವೆ. ಜೊತೆಗೆ ಜಾಲಿಯ ಒಣಕೊಂಬೆಗಳು. ಆದ್ದರಿಂದ ವಾಪಸು ಬರುವ ಎತ್ತರವನ್ನು ಏರಿಯ ಮೇಲಿನ ಆಲಕ್ಕಿಂತ ಮೇಲಕ್ಕೆ ಹೊಂದಿಸಿಟ್ಟೇ ಶುರುಮಾಡುತ್ತೇನೆ. ತೆಪ್ಪದಿಂದ ಹಾರಿಸುವವರಿಗೆ ಇನ್ನೊಂದು ಮಾತು: ತೆಪ್ಪ ತೇಲಿಹೋದರೂ ಡ್ರೋನು ಹಿಂದಿರುಗುವುದು ಹೊರಟ ಜಾಗಕ್ಕೇ, ಎಂದರೆ ಬರಿಯ ನೀರಿಗೆ. ಡ್ರೋನು ಹಿಂದಿರುಗಬೇಕಾದ ಜಾಗದ ಗುರುತನ್ನು ಆಗಾಗ ಬದಲಿಸುತ್ತಿರಬೇಕು.

ಗಾಳಿಯ ಪಾಠವನ್ನು ನನಗೆ ಚೆನ್ನಾಗಿ ಕಲಿಸಿದ್ದು ಯಾವ ಆ್ಯಪೂ ಅಲ್ಲ. ಹುತ್ತೂರಿನ ಕೆರೆಯಲ್ಲಿ ಒಂದು ಸಂಜೆ ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರರೊಬ್ಬರು ತಲೆಯೆತ್ತದೆಯೇ, "ಗಾಳಿ ತಿರುಗ್ತಾ ಅದ ಸಾ, ಕರ್ಕಳಿ ಅದ್ನ" ಎಂದರು. ನನ್ನ ಮುಖಕ್ಕಿನ್ನೂ ಏನೂ ತಾಗಿರಲಿಲ್ಲ. ಹೇಗೆ ಗೊತ್ತಾಯಿತಣ್ಣ ಎಂದು ಕೇಳಿದೆ. "ನೀರ್ ನೋಡಿ" ಎಂದು ಗದ್ದ ತೋರಿದರು. ಪಡುವಣ ದಡದ ಹತ್ತಿರ ತಿಳಿಬೂದು ನೀರಿನ ಮೇಲೆ ಒಂದು ಕಪ್ಪು ಪಟ್ಟೆ. ಸಣ್ಣ ಸಣ್ಣ ಅಲೆಗಳೆದ್ದು ಬೆಳಕು ಚೆದುರಿ ನೀರು ಕಪ್ಪಾಗಿತ್ತು. ಆ ಪಟ್ಟೆ ಅಗಲವಾಗುತ್ತಾ ಕೆರೆಯನ್ನು ಅಡ್ಡ ಹಾಯ್ದು ನಮ್ಮ ಕಡೆ ಬರುತ್ತಿತ್ತು. ಡ್ರೋನನ್ನು ತಿರುಗಿಸಿ ಕರೆದೆ. ಅದು ಬಂದು ಅಂಗೈ ಮೇಲೆ ಇಳಿದ ಮೇಲೆ ಏರಿಯ ಹುಲ್ಲು ಮಲಗಿತು. ಅಂದಿನಿಂದ ನನ್ನ ಮೂರನೆಯ ನೋಟ ನೀರಿನ ಬಣ್ಣದ ಮೇಲೆ.

ಕಾಡಿನ ಕೆರೆಗಳ ಕಡೆಗೆ ನಾನು ಡ್ರೋನ್ ಒಯ್ಯುವುದಿಲ್ಲ. ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಹುಲಿಯ ಮನೆ, ಆನೆಯ ಮನೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಹಾರಿಸುವುದು ಅಪರಾಧ, ಮತ್ತು ಅದು ಅಪರಾಧವಾಗಿರುವುದು ಸರಿಯಾಗಿಯೇ ಇದೆ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ಬಳಿಯೂ ನಿಂತು ನೋಡುವುದಷ್ಟೇ. 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ 400 ಅಡಿಯವರೆಗೆ ಬಿಟ್ಟಿವೆ. ನನ್ನ 249 ಗ್ರಾಂ ತೂಕದ ಡ್ರೋನಿಗೆ ಅದೇ ಬೇಕಾದಷ್ಟು ಆಕಾಶ. ನೀರಿನ ಮೇಲೆ ಹಕ್ಕಿಗಳ ಹಿಂಡು ಕೂತಿದ್ದರೆ ಅವತ್ತು ಚೀಲ ಬಿಚ್ಚುವುದಿಲ್ಲ. ಗರುಡ ಒಂದು ಸುತ್ತು ಹತ್ತಿರ ಬಂದರೂ ಇಳಿಸಿಬಿಡುತ್ತೇನೆ, ಬ್ಯಾಟರಿ ಎಷ್ಟೇ ಇರಲಿ.

ಈ ಕಾರ್ತಿಕದಲ್ಲಿ ಗಾಳಿ ತಣಿದ ಮೇಲೆ ಚಾಮರಾಜನಗರದ ಕೋಡಿಮೋಳೆ ಕೆರೆಗೆ ಹೋಗಬೇಕೆಂದಿದ್ದೇನೆ. ಅಲ್ಲಿ ಯಾವ ದಡದಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಗಾಳಿ ಎತ್ತ ತಿರುಗುತ್ತದೆ ಎಂಬುದನ್ನು ಮೊದಲು ಡ್ರೋನಿಲ್ಲದೆ ಒಂದೆರಡು ಸಂಜೆ ಏರಿಯ ಮೇಲೆ ನಡೆದು ತಿಳಿದುಕೊಳ್ಳಬೇಕು. ದನ ಮೇಯಿಸುವವರನ್ನೂ ಬಲೆ ಹಾಕುವವರನ್ನೂ ಮಾತಾಡಿಸಬೇಕು.