ಮನೆಪಾಠದ ಜಮಾ ಖರ್ಚು

ಮಾನವಕುಲದ ಮೊದಲ ಪಾಠಶಾಲೆ ಒಂದು ಮನೆಯೇ ಆಗಿತ್ತೆಂದು ಜೈನ ಪುರಾಣಗಳು ಹೇಳುತ್ತವೆ. ಭಗವಾನ್ ವೃಷಭನಾಥನು ಗೃಹಸ್ಥಾವಸ್ಥೆಯಲ್ಲಿದ್ದಾಗ ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮಿ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಒಬ್ಬಳಿಗೆ ಅಕ್ಷರವನ್ನೂ ಮತ್ತೊಬ್ಬಳಿಗೆ ಅಂಕಗಣಿತವನ್ನೂ ಕಲಿಸಿದನು. ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ವೈದ್ಯ, ಧನುರ್ವಿದ್ಯೆ, ರತ್ನಪರೀಕ್ಷೆ ಮೊದಲಾದವು. ಹೀಗೆ ನೂರಕ್ಕೂ ಮಿಕ್ಕ ಮಕ್ಕಳಿದ್ದ ಮನೆಯಲ್ಲಿ ತಂದೆಯೇ ಗುರುವಾದನು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ ಪಂಪನು ಕ್ರಿ.ಶ. 941ರಲ್ಲಿ ಕನ್ನಡದಲ್ಲಿಯೂ ವಿಸ್ತರಿಸಿದ ಈ ಕಥೆಯನ್ನು ಅರಿಯದ ಶ್ರಾವಕರು ವಿರಳ. ಆದರೆ ದೊಡ್ಡ ಮನೆಯೊಂದರಲ್ಲಿ ತಂದೆಯೇ ಗುರುವಾದರೆ ಪ್ರತಿದಿನ ಬೆಳಗಿನಿಂದ ಸಂಜೆಯವರೆಗೆ ಏನೇನು ನಡೆಯುತ್ತದೆ, ಯಾವ ಯಾವ ತೀರ್ಮಾನಗಳನ್ನು ಕೈಗೊಳ್ಳಬೇಕಾಗುತ್ತದೆ ಎಂಬುದನ್ನು ಪುರಾಣ ಹೇಳುವುದಿಲ್ಲ. ಅದನ್ನು ತಿಳಿಯಲು ಬೇರೊಂದು ದೇಶದ ಬೇರೊಂದು ಮನೆಯ ಬಾಗಿಲನ್ನು ತಟ್ಟಬೇಕಾಗುತ್ತದೆ.

ಆ ಮನೆ ಇಂಗ್ಲೆಂಡಿನದು. ಯಜಮಾನನಾದ ಜೇಮ್ಸ್ ಮಿಲ್ 1773ರಲ್ಲಿ ಸ್ಕಾಟ್ಲೆಂಡಿನ ಒಬ್ಬ ಚಮ್ಮಾರನ ಮಗನಾಗಿ ಹುಟ್ಟಿ, ವಿದ್ಯೆಯ ಬಲದಿಂದ ಮೇಲೆ ಬಂದು, 1802ರಲ್ಲಿ ಲಂಡನ್ ಸೇರಿದವನು. 1805ರಲ್ಲಿ ಹ್ಯಾರಿಯಟ್ ಬರೋ ಎಂಬವಳನ್ನು ವಿವಾಹವಾದನು. 1806ರ ಮೇ 20ರಂದು ಹಿರಿಯ ಮಗ ಜಾನ್ ಸ್ಟುವರ್ಟ್ ಮಿಲ್ ಜನಿಸಿದನು. ಮುಂದೆ ಒಟ್ಟು ಒಂಬತ್ತು ಮಕ್ಕಳಾದರು. ತಂದೆಗೆ ಬಹುಕಾಲ ಸ್ಥಿರವಾದ ಆದಾಯವಿರಲಿಲ್ಲ. ಪತ್ರಿಕೆಗಳಿಗೆ ಲೇಖನ ಬರೆದು ಸಂಸಾರ ಸಾಗಿಸುತ್ತಿದ್ದನು. ಅದರ ನಡುವೆಯೇ ಭಾರತದ ಬ್ರಿಟಿಷ್ ಆಳ್ವಿಕೆಯ ಬೃಹತ್ ಇತಿಹಾಸವನ್ನು ಬರೆಯಲು ಕೈಹಾಕಿ ಸುಮಾರು ಹತ್ತು ವರ್ಷ ಶ್ರಮಿಸಿದನು. ಇಷ್ಟೆಲ್ಲ ಭಾರ ಹೊತ್ತವನು ಮಕ್ಕಳನ್ನು ಶಾಲೆಗೆ ಕಳುಹಿಸಿ ನಿಶ್ಚಿಂತನಾಗಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಜಾನನು ಶಾಲೆಯ ಮೆಟ್ಟಿಲು ಹತ್ತದೆಯೇ ಬೆಳೆದನು. ಈ ಶಿಕ್ಷಣದ ವೃತ್ತಾಂತವನ್ನು ಮಗನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನು. ಅದು ಅವನ ಮರಣಾನಂತರ 1873ರಲ್ಲಿ ಪ್ರಕಟವಾಯಿತು.

ಮೂರನೆಯ ವಯಸ್ಸಿನಲ್ಲಿ ಅವನಿಗೆ ಗ್ರೀಕ್ ಭಾಷೆಯ ಪಾಠ ಆರಂಭವಾಯಿತು. ತಂದೆ ಗ್ರೀಕ್ ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ಚೀಟಿಗಳ ಮೇಲೆ ಬರೆದು ಕೊಡುತ್ತಿದ್ದನು. ತಂದೆ ಇತಿಹಾಸ ಬರೆಯುತ್ತಿದ್ದ ಮೇಜಿನಲ್ಲಿಯೇ ಮಗನೂ ಓದಲು ಕುಳಿತುಕೊಳ್ಳುತ್ತಿದ್ದನು. ಇಂಗ್ಲಿಷಿನಲ್ಲಿ ಅರ್ಥ ಹೇಳುವ ಗ್ರೀಕ್ ನಿಘಂಟು ಆಗ ಇರಲಿಲ್ಲವಾದುದರಿಂದ ತಿಳಿಯದ ಪ್ರತಿಯೊಂದು ಪದಕ್ಕೂ ಬಾಲಕನು ತಂದೆಯನ್ನೇ ಕೇಳಬೇಕಾಗಿತ್ತು. ಸ್ವಭಾವತಃ ತಾಳ್ಮೆಗೆಟ್ಟ ಆ ಮನುಷ್ಯ ಬರವಣಿಗೆಯನ್ನು ನಿಲ್ಲಿಸಿ ನಿಲ್ಲಿಸಿ ಉತ್ತರ ಕೊಟ್ಟನು. ಬೆಳಗಿನ ಉಪಾಹಾರಕ್ಕೆ ಮುಂಚೆ ಇಬ್ಬರೂ ಹಸಿರು ಹಾದಿಗಳಲ್ಲಿ ದೂರ ನಡೆಯುತ್ತಿದ್ದರು. ಹಿಂದಿನ ದಿನ ಓದಿದ್ದನ್ನು ಮಗನು ಚೀಟಿಗಳಲ್ಲಿ ಗುರುತು ಹಾಕಿಕೊಂಡು ಬಂದು ನಡೆಯುತ್ತ ವಿವರಿಸಬೇಕಾಗಿತ್ತು. ಎಂಟನೆಯ ವಯಸ್ಸಿಗೆ ಲ್ಯಾಟಿನ್, ಹನ್ನೆರಡಕ್ಕೆ ತರ್ಕಶಾಸ್ತ್ರ, ಹದಿಮೂರಕ್ಕೆ ಅರ್ಥಶಾಸ್ತ್ರ. ಇದಲ್ಲದೆ ತಾನು ಕಲಿತ ಲ್ಯಾಟಿನ್ನನ್ನು ಕೂಡಲೇ ತಂಗಿಗೆ, ಅನಂತರ ಉಳಿದ ತಮ್ಮತಂಗಿಯರಿಗೆ ಕಲಿಸುವ ಹೊಣೆಯೂ ಅವನ ಮೇಲೆ ಬಿತ್ತು. ಮಕ್ಕಳು ಹೆಚ್ಚಾಗಿ, ಗುರು ಒಬ್ಬನೇ ಇರುವ ಮನೆಯಲ್ಲಿ ಹಿರಿಯ ಮಗನು ಉಪಾಧ್ಯಾಯನಾಗುವುದು ಅನಿವಾರ್ಯವೆಂದು ತಂದೆ ಎಣಿಸಿರಬೇಕು.

1817ರಲ್ಲಿ ಆ ಕುಟುಂಬವು ತತ್ತ್ವಜ್ಞಾನಿ ಜೆರೆಮಿ ಬೆಂಥಾಮನ ಅತಿಥಿಯಾಗಿ ಫೋರ್ಡ್ ಅಬ್ಬೆ ಎಂಬ ಹಳೆಯ ಮಠದ ಭವನದಲ್ಲಿ ತಂಗಿತ್ತು. ಲಂಡನ್ನಿನ ದರ್ಜಿಯೂ ಸಮಾಜ ಸುಧಾರಕನೂ ಆದ ಫ್ರಾನ್ಸಿಸ್ ಪ್ಲೇಸ್ ಅಲ್ಲಿಗೆ ಹೋಗಿದ್ದಾಗ ತನ್ನ ಪತ್ನಿಗೆ ಬರೆದ ಪತ್ರದಲ್ಲಿ ಆ ಮನೆಯ ದಿನಚರಿ ಉಳಿದುಕೊಂಡಿದೆ. ತಂದೆ ಐದು ಆರು ಗಂಟೆಯ ನಡುವೆ ಏಳುತ್ತಿದ್ದನು. ಹನ್ನೊಂದು ವರ್ಷದ ಜಾನನು ಹಸ್ತಪ್ರತಿಯನ್ನು ಓದುತ್ತಿದ್ದರೆ ತಂದೆ ಇತಿಹಾಸಗ್ರಂಥದ ಅಚ್ಚಿನ ಕರಡನ್ನು ತಿದ್ದುತ್ತಿದ್ದನು. ಏಳು ಗಂಟೆಗೆ ಮುಂಚೆಯೇ ತಂಗಿಯರಾದ ವಿಲ್ಹೆಲ್ಮಿನಾ ಮತ್ತು ಕ್ಲಾರಾ ಪಾಠಕ್ಕೆ ಬಂದಿರುತ್ತಿದ್ದರು. ಕರಡಿನ ಕೆಲಸ ಮುಗಿದೊಡನೆ ಜಾನನು ಕೋಣೆಯ ಇನ್ನೊಂದು ತುದಿಗೆ ಹೋಗಿ ಅವರಿಗೆ ಕಲಿಸುತ್ತ, ನಡುನಡುವೆ ತನ್ನ ರೇಖಾಗಣಿತವನ್ನೂ ಓದಿಕೊಳ್ಳುತ್ತಿದ್ದನು. ಒಂಬತ್ತು ಗಂಟೆಗೆ ಉಪಾಹಾರ.

ಒಂದು ದಿನ ಆ ಇಬ್ಬರು ಹುಡುಗಿಯರು ಪಾಠವನ್ನು ಸರಿಯಾಗಿ ಒಪ್ಪಿಸಲಿಲ್ಲ. ತಪ್ಪಿದ್ದುದು ಒಂದೇ ಒಂದು ಪದ. ಮಧ್ಯಾಹ್ನ ಒಂದು ಗಂಟೆಗೆ ಮಹಡಿಗೆ ಹೋದ ಅವರ ಊಟ ಹಾಗೆಯೇ ಕೆಳಗೆ ಮರಳಿ ಬಂತು. ಮೂರು ಗಂಟೆಯಾದರೂ ಮಕ್ಕಳು ಪುಸ್ತಕದ ಮುಂದೆ ಕುಳಿತೇ ಇದ್ದರು. ಅವರ ಪಾಠವನ್ನು ಸರಿಯೆಂದು ಒಪ್ಪಿಬಿಟ್ಟ ಅಪರಾಧಕ್ಕಾಗಿ ಜಾನನಿಗೂ ಅದೇ ಶಿಕ್ಷೆ. ಸಂಜೆ ಆರರವರೆಗೆ ಮೂವರಿಗೂ ಅನ್ನವಿಲ್ಲ. ತಂದೆಯ ಬೋಧನಾಕ್ರಮವನ್ನು ಹೃತ್ಪೂರ್ವಕವಾಗಿ ಮೆಚ್ಚಿಕೊಂಡಿದ್ದ ಪ್ಲೇಸನೇ ಈ ಕಾಠಿಣ್ಯವು ಅತಿಯಾಯಿತೆಂದು ಬರೆದನು.

ಈ ಪ್ರಸಂಗವನ್ನು ಓದುವ ಶ್ರಾವಕನಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಾಗದಿರದು. ಅಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು ಎಂಬ ಮೂರನ್ನು ಯಾರಾದರೂ ಹಿಂಸೆಯೆಂದೇ ಗುರುತಿಸುತ್ತಾರೆ. ಉಳಿದ ಎರಡು ಹಾಗಲ್ಲ. ಒಂದು ಅತಿಭಾರಾರೋಪಣ, ಅಂದರೆ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸುವುದು. ಇನ್ನೊಂದು ಅನ್ನಪಾನನಿರೋಧ, ಅಂದರೆ ಹೊತ್ತಿಗೆ ಅನ್ನನೀರು ಸಿಗದಂತೆ ತಡೆಯುವುದು. ಇವನ್ನು ವಿವರಿಸುವಾಗ ಗಾಡಿಯ ಎತ್ತು, ಹೊರೆ ಹೊರುವ ಆಳು ಇವರ ಉದಾಹರಣೆ ಕೊಡುವುದು ವಾಡಿಕೆ. ಸ್ವಂತ ಮಕ್ಕಳ ಹೆಸರು ಅಲ್ಲಿ ಬರುವುದು ಕಡಿಮೆ. ಆದರೆ ಫೋರ್ಡ್ ಅಬ್ಬೆಯ ಆ ಮಧ್ಯಾಹ್ನ ಎರಡೂ ಅತಿಚಾರಗಳು ಒಂದೇ ಕೋಣೆಯಲ್ಲಿ ನಡೆದವು. ಹನ್ನೊಂದು ವರ್ಷದ ಹುಡುಗನ ಮೇಲೆ ಇನ್ನಿಬ್ಬರ ವಿದ್ಯೆಯ ಜವಾಬ್ದಾರಿಯನ್ನು ಹೊರಿಸಿದ್ದು ಅತಿಭಾರ. ಒಂದು ಪದಕ್ಕಾಗಿ ತಟ್ಟೆಯನ್ನು ಹಿಂದಕ್ಕೆ ಕಳುಹಿಸಿದ್ದು ಅನ್ನನಿರೋಧ. ಅಲ್ಲಿ ಯಾರೂ ಕೈ ಎತ್ತಲಿಲ್ಲ. ದ್ವೇಷವಂತೂ ಇರಲೇ ಇಲ್ಲ. ಮಕ್ಕಳ ಹಿತವೇ ತಂದೆಯ ಉದ್ದೇಶವಾಗಿತ್ತು. ಹಿತದ ಹೆಸರಿನಲ್ಲಿ ನಡೆಯುವ ಅತಿಚಾರವನ್ನು ಗುರುತಿಸುವುದು ಅತ್ಯಂತ ಕಷ್ಟ.

ಆದರೂ ಒಂದು ಬದಿಯ ಲೆಕ್ಕವನ್ನು ಮಾತ್ರ ನೋಡಿ ತೀರ್ಪು ಕೊಡುವುದು ಅನೇಕಾಂತದೃಷ್ಟಿಗೆ ಒಪ್ಪುವ ಕ್ರಮವಲ್ಲ. ಜಮಾ ಬದಿಯಲ್ಲಿ ಬರೆಯಬೇಕಾದುದೂ ಬಹಳವಿದೆ. ಆ ತಂದೆ ಮಗನಿಗೆ ಬಾಯಿಪಾಠ ಮಾಡಿಸಲಿಲ್ಲ. ತಾನೇ ಯೋಚಿಸಿ ಕಂಡುಕೊಳ್ಳಲು ಮೊದಲು ಬಿಟ್ಟು, ಮಗನು ಪ್ರಯತ್ನಿಸಿ ಸೋತ ಮೇಲೆ ಮಾತ್ರ ಬಿಡಿಸಿ ಹೇಳುತ್ತಿದ್ದನು. ಅರ್ಥಶಾಸ್ತ್ರವನ್ನು ನಡಿಗೆಯ ವೇಳೆಯಲ್ಲಿ ಬೋಧಿಸಿ, ಮರುದಿನ ಮಗನಿಂದ ಅದನ್ನು ಬರೆಯಿಸಿ, ಸ್ಪಷ್ಟವಾಗುವವರೆಗೆ ತಿದ್ದಿ ತಿದ್ದಿ ಬರೆಯಿಸುತ್ತಿದ್ದನು. ಆ ಟಿಪ್ಪಣಿಗಳೇ ತಂದೆ 1821ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರ ಗ್ರಂಥಕ್ಕೆ ಆಧಾರವಾದವು. ಎಲ್ಲಕ್ಕಿಂತ ಮಿಗಿಲಾಗಿ ಮಗನಲ್ಲಿ ಮಾನಕಷಾಯ ಬೆಳೆಯದಂತೆ ತಂದೆ ಎಚ್ಚರ ವಹಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ, 1820ರಲ್ಲಿ, ಜಾನನು ಫ್ರಾನ್ಸಿಗೆ ಹೊರಡುವ ಮುನ್ನ ತಂದೆ ಅವನನ್ನು ಹೈಡ್ ಪಾರ್ಕಿನಲ್ಲಿ ನಡೆಸಿಕೊಂಡು ಹೋಗಿ ಒಂದು ಮಾತು ಹೇಳಿದನು. ಇತರ ಹುಡುಗರಿಗೆ ತಿಳಿಯದ ಅನೇಕ ವಿಷಯಗಳು ನಿನಗೆ ತಿಳಿದಿರುವುದನ್ನು ಜನರು ಹೊಗಳಬಹುದು. ಆದರೆ ಕಲಿಸಬಲ್ಲ, ಕಲಿಸಲು ಶ್ರಮವನ್ನೂ ಸಮಯವನ್ನೂ ಕೊಡಬಲ್ಲ ತಂದೆ ದೊರೆತದ್ದು ನಿನ್ನ ಭಾಗ್ಯವೇ ಹೊರತು ನಿನ್ನ ಹಿರಿಮೆಯಲ್ಲ ಎಂಬುದು ಅದರ ಸಾರ. ತನಗೆ ಇತರರಿಗಿಂತ ಹೆಚ್ಚು ತಿಳಿದಿದೆ ಎಂಬುದು ಮಗನಿಗೆ ಗೊತ್ತಾದದ್ದೇ ಅಂದು.

ಇನ್ನು ಖರ್ಚಿನ ಬದಿ. ದುಡಿಮೆಯ ಅಭ್ಯಾಸ ತಪ್ಪಬಾರದೆಂದು ಆ ಮನೆಯಲ್ಲಿ ರಜೆಯೇ ಇರಲಿಲ್ಲ. ಕೆಟ್ಟ ಸಹವಾಸ ತಗುಲಬಾರದೆಂದು ಜಾನನನ್ನು ಇತರ ಹುಡುಗರಿಂದ ದೂರವಿರಿಸಲಾಗಿತ್ತು. ಅದರಿಂದ ಕೈಕೆಲಸದಲ್ಲಿ ಅವನು ಕೊನೆಯವರೆಗೂ ಅನನುಭವಿಯಾಗಿಯೇ ಉಳಿದನು. ಒಂಬತ್ತು ಮಕ್ಕಳನ್ನು ಹೆತ್ತು ಸಾಕಿದ ತಾಯಿಯ ಮಾತು ಪ್ರಕಟವಾದ ಆತ್ಮಕಥೆಯಲ್ಲಿ ಬರುವುದೇ ಇಲ್ಲ. ಆ ದಿನಚರಿಯಲ್ಲಿ ಅಡಿಗೆ, ಬಟ್ಟೆ, ಕಾಯಿಲೆ, ಹಸುಳೆಗಳ ಆರೈಕೆ ಎಲ್ಲವೂ ಇದ್ದಿರಲೇಬೇಕು. ಆದರೆ ಅದನ್ನು ಯಾರೂ ವಿದ್ಯೆಯೆಂದು ಎಣಿಸಲಿಲ್ಲ. ಮನೆಯನ್ನು ಪಾಠಶಾಲೆ ಮಾಡಿದವರು ಮನೆಯನ್ನು ನಡೆಸಿದವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸಾಲದ ಬಾಕಿ 1826ರಲ್ಲಿ ಎದುರಾಯಿತು. ಆಗ ಜಾನನಿಗೆ ಇಪ್ಪತ್ತು ವರ್ಷ. ಮೂರು ವರ್ಷ ಹಿಂದೆಯೇ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ತಂದೆಯ ಕೈಕೆಳಗೆ ಉದ್ಯೋಗಕ್ಕೆ ಸೇರಿದ್ದನು. ಒಂದು ದಿನ ತನ್ನನ್ನು ತಾನೇ ಕೇಳಿಕೊಂಡನು: ಜಗತ್ತಿನಲ್ಲಿ ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ತನಗೆ ಸಂತೋಷವಾಗುವುದೇ? ಇಲ್ಲವೆಂದು ಒಳಗಿನಿಂದ ಉತ್ತರ ಬಂತು. ಬದುಕಿಗೆ ಆಧಾರವಾಗಿದ್ದ ಗೋಡೆ ಕುಸಿದಂತಾಯಿತು. ತಿಂಗಳುಗಟ್ಟಲೆ ಮಂಕು ಕವಿದರೂ ದಿನದ ಕೆಲಸವನ್ನು ಯಂತ್ರದಂತೆ ಮಾಡುತ್ತಿದ್ದನು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ, ತಂದೆಯಂತೂ ಕೊನೆಯವನು. ಹದಿನೇಳು ವರ್ಷ ಒಂದೇ ಮೇಜಿನಲ್ಲಿ ಕುಳಿತು, ಒಂದೇ ಹಾದಿಯಲ್ಲಿ ನಡೆದ ಮಗನಿಗೆ ತನ್ನ ಸಂಕಟವನ್ನು ಆ ತಂದೆಯ ಮುಂದೆ ಬಿಚ್ಚಿಡಲಾಗಲಿಲ್ಲವೆಂಬುದೇ ಈ ಮನೆಪಾಠದ ಅತಿ ದೊಡ್ಡ ನಷ್ಟ. ಮುಂದೆ ಫ್ರೆಂಚ್ ಲೇಖಕ ಮಾರ್ಮೊಂಟೆಲನ ನೆನಪುಗಳನ್ನು ಓದುವಾಗ, ತಂದೆ ತೀರಿಕೊಂಡ ಬಾಲಕನು ಇನ್ನು ಮನೆಯವರಿಗೆಲ್ಲ ತಾನೇ ಆಸರೆಯೆಂದು ಭಾವಿಸುವ ಸನ್ನಿವೇಶದಲ್ಲಿ ಅವನ ಕಣ್ಣೀರು ಹರಿಯಿತು. ಭಾರ ಹಗುರಾಗತೊಡಗಿದ್ದು ಅಂದಿನಿಂದ. 1828ರಲ್ಲಿ ವರ್ಡ್ಸ್‌ವರ್ತನ ಕವಿತೆಗಳು ಇನ್ನಷ್ಟು ಸಮಾಧಾನ ನೀಡಿದವು.

ಇಷ್ಟಾದರೂ ಮಗನು ತಂದೆಯ ಮೇಲೆ ದೋಷ ಹೊರಿಸಿ ಬರೆಯಲಿಲ್ಲ. ತನ್ನ ಕಾಲದ ಇತರ ಹುಡುಗರಿಗಿಂತ ಕಾಲು ಶತಮಾನದಷ್ಟು ಮುಂಚಿತವಾಗಿ ಹೊರಟ ಲಾಭ ತನಗೆ ದೊರೆಯಿತೆಂದು ಕೃತಜ್ಞತೆಯಿಂದ ಸ್ಮರಿಸಿದನು. ಆದರೆ ತಮ್ಮತಂಗಿಯರಿಗೆ ಕಲಿಸಿದ ಪದ್ಧತಿಯ ವಿಷಯದಲ್ಲಿ ಅವನ ಅಭಿಪ್ರಾಯ ಖಚಿತವಾಗಿತ್ತು. ಕಲಿಸುವುದರಿಂದ ತನ್ನ ವಿದ್ಯೆ ಗಟ್ಟಿಯಾಯಿತು ನಿಜ. ಆದರೆ ಮಕ್ಕಳೇ ಮಕ್ಕಳಿಗೆ ಗುರುವಾಗುವುದು ಬೋಧನೆಯ ದೃಷ್ಟಿಯಿಂದಲೂ ಸಫಲವಲ್ಲ, ಇಬ್ಬರ ಶೀಲಕ್ಕೂ ಹಿತವಲ್ಲ ಎಂದನು. ಭಯವು ಶಿಕ್ಷಣದಿಂದ ಪೂರ್ಣವಾಗಿ ಹೋಗಲಾರದು, ಆದರೆ ಅದೇ ಮುಖ್ಯವಾದರೆ ಮಗುವಿನ ಪ್ರೀತಿಯೂ ಮನಬಿಚ್ಚಿ ಮಾತನಾಡುವ ವಿಶ್ವಾಸವೂ ಬತ್ತುತ್ತವೆ ಎಂಬುದು ಅವನ ಅನುಭವದ ಮಾತು. ಕಿರಿಯ ಮಕ್ಕಳು ತಂದೆಯನ್ನು ಪ್ರೀತಿಸಿದರೆಂದೂ ಅವನು ಬರೆದಿದ್ದಾನೆ. ತಂದೆಯೂ ಕಾಲಕ್ರಮದಲ್ಲಿ ಮೃದುವಾಗಿರಬಹುದು. ಮೊದಲ ಮಗುವಿನ ಮೇಲೆ ನಡೆದ ಪ್ರಯೋಗದ ಫಲ ಕೊನೆಯ ಮಗುವಿಗೆ ದಕ್ಕುವುದು ಎಲ್ಲ ದೊಡ್ಡ ಕುಟುಂಬಗಳಲ್ಲಿಯೂ ಕಾಣುವ ಸಂಗತಿಯೇ.

ಆ ಮಗನೇ 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದನು. ಎದುರು ಪಕ್ಷದ ವಾದವನ್ನು ಅದರ ಪೂರ್ಣ ಬಲದೊಡನೆ ಅರಿಯದವನಿಗೆ ಸ್ವಪಕ್ಷವೂ ಸರಿಯಾಗಿ ತಿಳಿದಿರದು ಎಂಬ ಅಲ್ಲಿನ ವಿಚಾರ ಅನೇಕಾಂತವಾದಿಗಳಿಗೆ ಆಪ್ತವಾದುದು. ಅದೇ ಗ್ರಂಥದಲ್ಲಿ, ಪ್ರತಿ ಮಗುವಿಗೂ ವಿದ್ಯೆ ದೊರೆಯಲೇಬೇಕೆಂದು ಸರಕಾರ ಪರೀಕ್ಷೆಗಳ ಮೂಲಕ ಖಚಿತಪಡಿಸಿಕೊಳ್ಳಲಿ, ಎಲ್ಲಿ ಹೇಗೆ ಕಲಿಸಬೇಕೆಂಬುದನ್ನು ತಂದೆತಾಯಿಗಳಿಗೆ ಬಿಡಲಿ ಎಂದೂ ವಾದಿಸಿದನು. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮನೆಯಲ್ಲಿಯೇ ಕಲಿಸುವ ಕುಟುಂಬಗಳೂ ಇಲ್ಲಿವೆ; 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಗಳು ಅಂಥ ಮಕ್ಕಳಿಗೆ ಒಂದು ದಾರಿಯಾಗಿವೆ. ಮಕ್ಕಳನ್ನು ಶಾಲೆಗೆ ಕಳುಹಿಸುವವರ ಮನೆಯಲ್ಲಿಯೂ ಸಂಜೆಯ ಪಾಠ, ಸ್ವಾಧ್ಯಾಯ, ಬಸದಿಯ ಭಾನುವಾರದ ಪಾಠಶಾಲೆ ಇದ್ದೇ ಇವೆ. ಆದುದರಿಂದ ಮಿಲ್ ಕುಟುಂಬದ ಲೆಕ್ಕಪುಸ್ತಕ ಎಲ್ಲರಿಗೂ ಉಪಯುಕ್ತ.

ದಶಲಕ್ಷಣ ಪರ್ವದಲ್ಲಿ ಮಕ್ಕಳು ಉಪವಾಸ ಮಾಡುವುದನ್ನು ಕಂಡು ಹಿರಿಯರು ಹಿಗ್ಗುತ್ತಾರೆ, ಸಮಾಜ ಸನ್ಮಾನಿಸುತ್ತದೆ. ತಾನಾಗಿ ಸಂಕಲ್ಪಿಸಿ ಬಿಟ್ಟ ಊಟ ತಪಸ್ಸು. ಇನ್ನೊಬ್ಬರು ಬಿಡಿಸಿದ ಊಟ ಅನ್ನಪಾನನಿರೋಧ. ಹೊಟ್ಟೆಯಲ್ಲಿನ ಹಸಿವು ಎರಡರಲ್ಲಿಯೂ ಒಂದೇ. ನೆರೆಮನೆಯ ಹುಡುಗಿ ಮಾಡಿದಳೆಂಬ ಮಾತಿಗೆ, ಅಜ್ಜನ ಮರ್ಯಾದೆಯೆಂಬ ಮಾತಿಗೆ ಅಂಜಿ ಮಗುವೊಂದು ಹಸಿದು ಕುಳಿತರೆ ಅದು ಯಾವ ಬದಿಗೆ ಸೇರುತ್ತದೆಂಬುದನ್ನು ಹಿರಿಯರು ಯೋಚಿಸಬೇಕು. ಸ್ತೋತ್ರದ ಒಂದು ಪದ ತಪ್ಪಿದ್ದಕ್ಕೆ ಎಲ್ಲರೆದುರು ಮಗುವನ್ನು ನಿಲ್ಲಿಸುವ ಪಾಠಶಾಲೆಯೂ, ತಮ್ಮನ ಅಂಕ ಕಡಿಮೆಯಾದುದಕ್ಕೆ ಅಕ್ಕನನ್ನು ಗದರಿಸುವ ಮನೆಯೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ.

ಮನೆಯ ವಿದ್ಯೆ ಎಲ್ಲವನ್ನೂ ಸಾಧಿಸದೆಂಬುದಕ್ಕೆ ಪುರಾಣವೇ ಸಾಕ್ಷಿ. ಒಬ್ಬನೇ ತಂದೆಯ ಬಳಿ ಕಲಿತ ಭರತ ಬಾಹುಬಲಿಗಳು ರಾಜ್ಯಕ್ಕಾಗಿ ಎದುರುಬದುರಾಗಿ ನಿಂತರು. ವಿದ್ಯೆ ಅವರನ್ನು ತಡೆಯಲಿಲ್ಲ. ಗೆದ್ದ ಕ್ಷಣದಲ್ಲಿ ಒಬ್ಬನಿಗೆ ಮೂಡಿದ ವೈರಾಗ್ಯ ತಡೆಯಿತು. ಅಂಥ ವೈರಾಗ್ಯವನ್ನು ಪಾಠಮಾಡಿ ಕೊಡಲು ಯಾವ ತಂದೆಗೂ ಆಗದು. ತಂದೆಗೆ ಸಾಧ್ಯವಾದುದು ವೃಷಭನಾಥನು ಮೊದಲು ಮಾಡಿದ ಕೆಲಸ. ಅವನು ಅಕ್ಷರವನ್ನು ಬರೆಯುವುದಕ್ಕೆ ಮುಂಚೆ ಮಕ್ಕಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡನು.